ನಾನು ಪಿಸ್ತೂಲಿನ ಪರ್ಮಿಟ್‌ಗೆ ಅರ್ಜಿ ಹಾಕಿದ್ದೇನೆ

ಇದನ್ನು ಬರೆಯಬೇಕೋ ಬೇಡವೋ ಅಂತ ಮೂರು ವಾರ ಯೋಚಿಸಿದೆ. ಊರಿನಲ್ಲಿ ಅಮ್ಮ ಓದುತ್ತಾರೆ, ಅತ್ತೆ ಓದುತ್ತಾರೆ, ತಿಪಟೂರಿನ ಹೈಸ್ಕೂಲಿನಲ್ಲಿ ನನ್ನ ಜೊತೆ ಬೆಂಚ್ ಹಂಚಿಕೊಂಡವರೂ ಓದುತ್ತಾರೆ. ಆದರೆ ಬೇರೆಯವರ ಬಾಯಿಂದ ಗೊತ್ತಾಗುವುದಕ್ಕಿಂತ ನಾನೇ ಹೇಳುವುದು ವಾಸಿ. ನ್ಯೂಜೆರ್ಸಿಯಲ್ಲಿ ಪಿಸ್ತೂಲನ್ನು ಯಾರಿಗೂ ಕಾಣದ ಹಾಗೆ ಮೈಮೇಲೆ ಇಟ್ಟುಕೊಂಡು ಓಡಾಡಲು ಒಂದು ಪರ್ಮಿಟ್ ಬೇಕು. ಕನ್ಸೀಲ್ಡ್ ಕ್ಯಾರಿ ಅಂತಾರಲ್ಲ, ಅದೇ. ಅದಕ್ಕೆ ನಾನು ಅರ್ಜಿ ಹಾಕಿದ್ದೇನೆ.

ಹೋದ ನವೆಂಬರ್‌ನಲ್ಲಿ ಒಂದು ಸಂಜೆ ಪೆಟ್ರೋಲ್ ಬಂಕಿನಲ್ಲಿ ನಿಂತಿದ್ದೆ. ನಮ್ಮ ರಾಜ್ಯದಲ್ಲಿ ನಾವೇ ಇಳಿದು ಪೆಟ್ರೋಲ್ ಹಾಕಿಕೊಳ್ಳುವ ಹಾಗಿಲ್ಲ, ಬಂಕಿನವರೇ ಹಾಕಬೇಕು. ಹಾಗಾಗಿ ಕಿಟಕಿ ಇಳಿಸಿ ಕಾಯುತ್ತಿದ್ದೆ. ಯಾರದೋ ಮನೆಯ ಸತ್ಯನಾರಾಯಣ ಪೂಜೆಗೆ ಹೊರಟಿದ್ದೆ. ಸೀರೆ ಉಟ್ಟಿದ್ದೆ, ಹಣೆಗೆ ಕುಂಕುಮ ಇತ್ತು. ಪಕ್ಕದ ಪಿಕಪ್ ಟ್ರಕ್ಕಿನಿಂದ ಒಬ್ಬ ಇಳಿದು ಬಂದ. ನಿಮ್ಮ ದೇಶಕ್ಕೆ ಹೋಗು ಅಂದ. ಅದು ಹೊಸದೇನಲ್ಲ, ಹದಿನೆಂಟು ವರ್ಷದಲ್ಲಿ ನಾಲ್ಕೈದು ಸಲ ಕೇಳಿದ್ದೇನೆ. ಆಮೇಲೆ ಎರಡು ಬೆರಳು ಚಾಚಿ, ಹೆಬ್ಬೆರಳು ಎತ್ತಿ, ಕೈಯನ್ನು ಪಿಸ್ತೂಲಿನ ಹಾಗೆ ಮಾಡಿ ನನ್ನ ಕುಂಕುಮಕ್ಕೆ ಗುರಿ ಹಿಡಿದ. ಬೆರಳಿನ ತುದಿ ಹಣೆಯಿಂದ ಒಂದು ಗೇಣು ದೂರದಲ್ಲಿತ್ತು. ಉಗುರಿನ ಸಂದಿಯಲ್ಲಿ ಕಪ್ಪು ಗ್ರೀಸ್. ಇವತ್ತಿಗೂ ಕಣ್ಣು ಮುಚ್ಚಿದರೆ ಮೊದಲು ಕಾಣುವುದು ಆ ಉಗುರು.

ಅವನು ಮನೆಯ ತನಕ ಹಿಂದೆ ಬಂದ. ಎಂಟು ದಿನ ಬಿಟ್ಟು ಅದೇ ಟ್ರಕ್ ನಮ್ಮ ಮನೆ ಎದುರು ಲೈಟ್ ಆರಿಸಿಕೊಂಡು ನಿಂತಿತ್ತು. ಅದಾಗಿ ಮತ್ತೊಂದು ವಾರಕ್ಕೆ ಅಂಚೆ ಡಬ್ಬಿ ಜಜ್ಜಿ ಹೋಗಿತ್ತು. ಪೊಲೀಸರು ಬಂದರು, ಮರ್ಯಾದೆಯಿಂದಲೇ ಮಾತಾಡಿದರು, ರಿಪೋರ್ಟ್ ಬರೆದುಕೊಂಡರು. ಗಾಬರಿಯಲ್ಲಿ ನಾನು ನಂಬರ್ ಪ್ಲೇಟ್ ನೋಡಿರಲಿಲ್ಲ. ಇಲ್ಲಿನ ಕಾನೂನಿನಲ್ಲಿ ಬಯಾಸ್ ಇಂಟಿಮಿಡೇಶನ್, ಅಂದರೆ ಬಣ್ಣ, ಧರ್ಮದ ದ್ವೇಷದಿಂದ ಹೆದರಿಸುವುದು, ಅಂತ ಒಂದು ಅಪರಾಧ ಇದೆ, ಆದರೆ ಅದನ್ನು ಹಾಕಲು ಆಸಾಮಿ ಯಾರು ಅಂತ ಗೊತ್ತಾಗಬೇಕಲ್ಲ. ಹೊರಡುವಾಗ ಆಫೀಸರ್ ಹೇಳಿದರು, ಒಬ್ಬರೇ ಓಡಾಡಬೇಡಿ ಅಂತ. ನಾನು ಲ್ಯಾಬಿನಲ್ಲಿ ಕೆಲಸ ಮಾಡುವವಳು. ಶಿಫ್ಟ್ ಮುಗಿಯುವುದೇ ರಾತ್ರಿ ಹನ್ನೊಂದಕ್ಕೆ. ಪಾರ್ಕಿಂಗ್ ಲಾಟಿನ ಆ ತುದಿಯಲ್ಲಿ ಕಾರು. ಜೊತೆಗೆ ಯಾರನ್ನು ಕರೆದುಕೊಂಡು ಹೋಗಲಿ ಹೇಳಿ?

ನಮ್ಮ ಪಕ್ಕದ ಬೀದಿಯಲ್ಲಿ ಒಬ್ಬರು ಆಂಟಿ ಇದ್ದಾರೆ, ಮೈಸೂರಿನವರು. ಎಂಬತ್ತರ ದಶಕದಲ್ಲಿ ಜರ್ಸಿ ಸಿಟಿಯಲ್ಲಿದ್ದವರು. ನಡೆದದ್ದನ್ನು ಹೇಳಿದಾಗ ಅವರು ಆಶ್ಚರ್ಯಪಡಲಿಲ್ಲ. ಒಳಗೆ ಹೋಗಿ ಒಂದು ಲೋಟ ಕಾಫಿ ತಂದುಕೊಟ್ಟು 1987ರ ಕಥೆ ಹೇಳಿದರು. ಡಾಟ್‌ಬಸ್ಟರ್ಸ್ ಅಂತ ಒಂದು ಗುಂಪು. ನಮ್ಮ ಹೆಂಗಸರ ಹಣೆಯ ಬೊಟ್ಟೇ ಆ ಹೆಸರಿನ ಡಾಟ್. ಭಾರತದವರನ್ನೆಲ್ಲ ಜರ್ಸಿ ಸಿಟಿಯಿಂದ ಓಡಿಸುತ್ತೇವೆ, ಫೋನ್ ಡೈರೆಕ್ಟರಿಯಲ್ಲಿ ಪಟೇಲ್ ಅನ್ನೋ ಹೆಸರು ಹುಡುಕಿ ಹೋಗುತ್ತೇವೆ ಅಂತ ಊರಿನ ಪೇಪರಿಗೇ ಕಾಗದ ಬರೆದಿದ್ದರು. ಅದು ಅಚ್ಚಾಯಿತು ಕೂಡ. ಆ ಸೆಪ್ಟೆಂಬರ್‌ನಲ್ಲಿ ಪಕ್ಕದ ಹೊಬೋಕನ್‌ನಲ್ಲಿ ನವರೋಜ್ ಮೋದಿ ಎಂಬ ಯುವಕನನ್ನು ಹುಡುಗರ ಗುಂಪೊಂದು ಬೀದಿಯಲ್ಲೇ ಹೊಡೆದು ಹಾಕಿತು, ಕೆಲವೇ ದಿನಗಳಲ್ಲಿ ಅವನು ತೀರಿಕೊಂಡ. ಅವನು ಪಾರ್ಸಿ. ದ್ವೇಷಕ್ಕೆ ಅಷ್ಟೆಲ್ಲ ವಿಚಾರಿಸುವ ವ್ಯವಧಾನ ಎಲ್ಲಿರುತ್ತದೆ?

ಆಂಟಿ ಆಗ ದಿನಾ ಟ್ರೈನ್ ಹತ್ತಿ ನ್ಯೂಯಾರ್ಕಿಗೆ ಕೆಲಸಕ್ಕೆ ಹೋಗುತ್ತಿದ್ದರು. ಬೆಳಿಗ್ಗೆ ದೇವರ ಮುಂದೆ ಕುಂಕುಮ ಇಟ್ಟುಕೊಳ್ಳುವುದು, ಜರ್ನಲ್ ಸ್ಕ್ವೇರ್ ಸ್ಟೇಷನ್ ಬರುವ ಮುಂಚೆ ಕರ್ಚೀಫಿನಿಂದ ಒರೆಸಿಕೊಳ್ಳುವುದು. "ಎಷ್ಟು ಒಗೆದರೂ ಆ ಕರ್ಚೀಫುಗಳ ಕೆಂಪು ಹೋಗುತ್ತಲೇ ಇರಲಿಲ್ಲ ಕಣೇ" ಅಂದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಒರೆಸಿಕೊಳ್ಳುವುದಿಲ್ಲ ಅಂತ ಅವತ್ತೇ ನಿರ್ಧಾರ ಮಾಡಿದೆ. ಒರೆಸಿಕೊಳ್ಳದೆ ಬದುಕಬೇಕು ಅಂದರೆ ಏನು ಮಾಡಬೇಕು ಅಂತ ಓದಲು ಶುರು ಮಾಡಿದೆ.

2022ರ ತನಕ ನನ್ನಂಥವರಿಗೆ ಇಲ್ಲಿ ಈ ಪರ್ಮಿಟ್ ಸಿಗುವುದು ಕನಸಿನ ಮಾತಾಗಿತ್ತು. ಜಸ್ಟಿಫೈಯಬಲ್ ನೀಡ್ ಅಂತ ಒಂದು ಷರತ್ತು. ಅಂದರೆ, ನಿನಗೆ ನಿಜವಾಗಿಯೂ ಬೇಕು ಅಂತ ಸಾಬೀತು ಮಾಡು. ಬೆದರಿಕೆ ನಿನಗೇ ಅಂತ ಬಂದಿರಬೇಕು, ತಪ್ಪಿಸಿಕೊಳ್ಳಲು ಬೇರೆ ದಾರಿ ಇರಬಾರದು. ಕೇಳಲು ಸರಿ ಅನಿಸುತ್ತದೆ, ಅಲ್ವಾ? ಆದರೆ ಬೇಕೋ ಬೇಡವೋ ಅಂತ ತೀರ್ಮಾನ ಮಾಡುವವನು ಯಾವತ್ತೂ ಆ ಭಯ ಪಟ್ಟವನಲ್ಲ. 1956ರ ಜನವರಿ 30ರಂದು ಅಲಬಾಮಾದ ಮಾಂಟ್‌ಗೊಮೆರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಮನೆಗೆ ಬಾಂಬ್ ಎಸೆದರು. ಒಳಗೆ ಹೆಂಡತಿ ಕೊರೆಟಾ ಮತ್ತು ಮೂರು ತಿಂಗಳೂ ತುಂಬದ ಮಗಳು ಇದ್ದರು. ಅದಾದ ಮೇಲೆ ಕಿಂಗ್ ಬಂದೂಕು ಇಟ್ಟುಕೊಳ್ಳಲು ಪರ್ಮಿಟ್ ಕೇಳಿದರು. ಕೊಡಲಿಲ್ಲ. ಅಹಿಂಸೆಯ ಹಾದಿಯಲ್ಲಿ ಮುಂದೆ ಹೋದ ಹಾಗೆ ಅವರು ಬಂದೂಕನ್ನು ತಾವಾಗಿಯೇ ಬಿಟ್ಟರು, ಅದು ಅವರ ದೊಡ್ಡತನ. ಆದರೆ ಆವತ್ತು ಇಲ್ಲ ಅಂದ ಅಧಿಕಾರಿಗಳದ್ದು ಯಾವ ದೊಡ್ಡತನ? ಬಾಂಬ್ ಬಿದ್ದ ಮನೆಯವನಿಗೇ ಅಗತ್ಯ ಇಲ್ಲ ಅನ್ನುವುದಾದರೆ ಇನ್ಯಾರಿಗೆ ಇದೆ?

2022ರ ಜೂನ್ 23ರಂದು ಅಮೆರಿಕದ ಸುಪ್ರೀಂ ಕೋರ್ಟ್ ಬ್ರೂಯೆನ್ ಅನ್ನುವ ಕೇಸಿನಲ್ಲಿ ಆರಕ್ಕೆ ಮೂರರ ತೀರ್ಪು ಕೊಟ್ಟು ನ್ಯೂಯಾರ್ಕಿನ ಇಂಥದ್ದೇ ಷರತ್ತನ್ನು ತೆಗೆದು ಹಾಕಿತು. ಮಾರನೇ ದಿನವೇ ನ್ಯೂಜೆರ್ಸಿಯೂ ತನ್ನ ಷರತ್ತು ಕೈಬಿಟ್ಟಿತು. ಆ ತೀರ್ಪಿನ ಎಲ್ಲ ಮಾತೂ ನನಗೆ ಒಪ್ಪಿಗೆ ಇಲ್ಲ. ಇದರಿಂದ ಬೀದಿಯಲ್ಲಿ ಬಂದೂಕು ಜಾಸ್ತಿಯಾಗುತ್ತವೆ, ನನ್ನನ್ನು ಹೆದರಿಸಿದವನಿಗೂ ಪರ್ಮಿಟ್ ಸುಲಭವಾಗುತ್ತದೆ ಅನ್ನುವುದು ನನಗೆ ಗೊತ್ತು. ಆದರೂ ಅರ್ಜಿಯಲ್ಲಿ ಭಯಕ್ಕೆ ಪುರಾವೆ ಕೊಡಬೇಕಾಗಿ ಬರಲಿಲ್ಲವಲ್ಲ, ಅದಕ್ಕೆ ನಾನು ಋಣಿ.

ಬಂದೂಕು ಇದ್ದರೆ ಏನು ಪ್ರಯೋಜನ ಅಂತ ನನ್ನ ತಮ್ಮ ಕೇಳಿದ. ಅವನಿಗೆ ಟಾಮ್ ಪಾಮರ್ ಅವರ ಕಥೆ ಹೇಳಿದೆ. 1982ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಇವರು ಸ್ನೇಹಿತನ ಜೊತೆ ನಡೆದು ಹೋಗುತ್ತಿದ್ದಾಗ, ಸಲಿಂಗಿಗಳು ಅಂತ ಬೈಯುತ್ತಾ, ಕೊಲ್ಲುತ್ತೇವೆ ಅನ್ನುತ್ತಾ ಒಂದು ಗುಂಪು ಅಟ್ಟಿಸಿಕೊಂಡು ಬಂತು. ಪಾಮರ್ ಪಿಸ್ತೂಲು ತೆಗೆದು ತೋರಿಸಿದರು. ಗುಂಪು ನಿಂತುಬಿಟ್ಟಿತು. ಒಂದು ಗುಂಡೂ ಹಾರಲಿಲ್ಲ. ಮುಂದೆ ವಾಷಿಂಗ್ಟನ್ ಡಿ.ಸಿ.ಯ ಬಂದೂಕು ನಿಷೇಧದ ವಿರುದ್ಧ ಕೋರ್ಟಿಗೆ ಹೋದವರಲ್ಲಿ ಅವರೂ ಒಬ್ಬರು.

ಯಾವಾಗಲೂ ಹಾಗೇ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. 2017ರ ಫೆಬ್ರವರಿಯಲ್ಲಿ ಕ್ಯಾನ್ಸಸ್‌ನ ಓಲೇತ್‌ನಲ್ಲಿ ಭಾರತದ ಎಂಜಿನಿಯರ್ ಶ್ರೀನಿವಾಸ್ ಕೂಚಿಭೋಟ್ಲ ಅವರನ್ನು ಕೊಂದದ್ದು ನಿಮಗೆ ನೆನಪಿರಬೇಕು. ಕೆಲಸ ಮುಗಿಸಿ ಸ್ನೇಹಿತನ ಜೊತೆ ಬಾರಿನಲ್ಲಿ ಕೂತಿದ್ದವರು. ರೇಗಾಡಿದವನನ್ನು ಹೊರಗೆ ಕಳಿಸಿದ್ದರು, ಅವನು ಬಂದೂಕು ತೆಗೆದುಕೊಂಡು ವಾಪಸ್ ಬಂದ. ಶ್ರೀನಿವಾಸ್ ಹತ್ತಿರ ಪಿಸ್ತೂಲು ಇದ್ದಿದ್ದರೆ ಉಳಿಯುತ್ತಿದ್ದರು ಅಂತ ಹೇಳುವ ಧೈರ್ಯ ನನಗಿಲ್ಲ. ಆದರೆ ಒಂದು ಮಾತು ನಮ್ಮವರಲ್ಲಿ ತುಂಬಾ ಜನಕ್ಕೆ ಗೊತ್ತಿಲ್ಲ. ಅವರ ಹಾಗೆ ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿ ಇರುವವರು ಫೆಡರಲ್ ಕಾನೂನಿನ, ಅಂದರೆ ಇಡೀ ದೇಶಕ್ಕೆ ಅನ್ವಯಿಸುವ ಕಾನೂನಿನ, ಪ್ರಕಾರ ಬಂದೂಕು ಇಟ್ಟುಕೊಳ್ಳುವಂತೆಯೇ ಇಲ್ಲ. ಇರುವ ಕೆಲವೇ ವಿನಾಯಿತಿಗಳಲ್ಲಿ ಒಂದು, ಬೇಟೆಯ ಲೈಸೆನ್ಸ್. ಜಿಂಕೆ ಹೊಡೆಯುತ್ತೇನೆ ಅಂದರೆ ಬಾಗಿಲು ಸ್ವಲ್ಪ ತೆರೆಯುತ್ತದೆ. ನನ್ನನ್ನು ಕೊಲ್ಲುತ್ತೇನೆ ಅಂದಿದ್ದಾರೆ ಅಂದರೆ ತೆರೆಯುವುದಿಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ ಇಟ್ಟುಕೊಳ್ಳಬಹುದು, ಆ ಸಾಲಿನಲ್ಲಿ ಭಾರತದವರು ಎಷ್ಟು ವರ್ಷ ನಿಲ್ಲುತ್ತಾರೆ ಅಂತ ನಿಮಗೇ ಗೊತ್ತು. ನನ್ನ ಗಂಡನ ಚಿಕ್ಕಪ್ಪನ ಮಗ ನಮ್ಮ ಮನೆಯಲ್ಲೇ ಇದ್ದಾನೆ, ಎಚ್-1ಬಿ. ಅವನೂ ನನ್ನ ಹಾಗೇ ಕಂದು ಬಣ್ಣದವನು. ಟ್ರಕ್ಕಿನವನು ವೀಸಾ ನೋಡಿ ಬೆರಳು ಎತ್ತುವುದಿಲ್ಲ. ಈ ಕಾನೂನು ಬದಲಾಗಬೇಕು. ದ್ವೇಷದ ಬೆದರಿಕೆ ಬಂದು, ಪೊಲೀಸ್ ರಿಪೋರ್ಟ್ ಆಗಿದ್ದರೆ, ವೀಸಾದವರಿಗೂ ಅರ್ಜಿ ಹಾಕುವ ದಾರಿ ಇರಬೇಕು.

ಅರ್ಜಿಗೆ ಉತ್ತರ ತಡವಾಗಲೂ ಬಾರದು. 2015ರಲ್ಲಿ ನಮ್ಮದೇ ರಾಜ್ಯದ ಬರ್ಲಿನ್ ಟೌನ್‌ಶಿಪ್‌ನಲ್ಲಿ ಒಬ್ಬ ಹೆಂಗಸನ್ನು ಅವರ ಹಳೆಯ ಗೆಳೆಯ ಮನೆ ಮುಂದೆಯೇ ಚುಚ್ಚಿ ಕೊಂದ. ಅವನ ವಿರುದ್ಧ ಕೋರ್ಟಿನ ತಡೆ ಆದೇಶ ಇತ್ತು. ಬಂದೂಕು ಕೊಳ್ಳಲು ಆಕೆ ಅರ್ಜಿ ಹಾಕಿಯಾಗಿತ್ತು. ಕಾನೂನು ಹೇಳಿದ್ದ 30 ದಿನ ದಾಟಿದರೂ ಉತ್ತರ ಬಂದಿರಲಿಲ್ಲ.

ಇನ್ನು ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಕೊರೆಯುವ ವಿಷಯ. ಊರಿನಲ್ಲಿ ವಕೀಲರಾಗಿರುವ ಚಿಕ್ಕಪ್ಪನಿಗೆ ಫೋನ್ ಮಾಡಿದ್ದೆ, ಬೈಯುತ್ತಾರೆ ಅಂದುಕೊಂಡೇ. ಅವರು ಬೈಯಲಿಲ್ಲ. ನಮ್ಮ ದೇಶದ ಕಾನೂನಿನಲ್ಲೂ ಇದು ಇದೆ ಅಂದರು. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳಲ್ಲಿ ಮೂರನೇ ನಿಯಮ. ದೌರ್ಜನ್ಯ ಆಗಬಹುದು ಅನ್ನುವ ಕಡೆ ಸರ್ಕಾರ ಏನೇನು ಮಾಡಬೇಕು ಅಂತ ಅದರಲ್ಲಿದೆ. ಮೊದಲು ದಲಿತರೂ ಆದಿವಾಸಿಗಳೂ ಅಲ್ಲದವರ ಬಂದೂಕಿನ ಲೈಸೆನ್ಸ್ ರದ್ದು ಮಾಡಿ ಆಯುಧ ಸರ್ಕಾರದಲ್ಲಿ ಜಮಾ ಮಾಡಿಸಬೇಕು. ಆಮೇಲೆ ಅಕ್ರಮ ಬಂದೂಕುಗಳನ್ನು ಹಿಡಿಯಬೇಕು. ಅದರ ನಂತರ, ಅಗತ್ಯ ಅನಿಸಿದರೆ, ದಲಿತರಿಗೆ ಮತ್ತು ಆದಿವಾಸಿಗಳಿಗೆ ಬಂದೂಕಿನ ಲೈಸೆನ್ಸ್ ಕೊಡಬೇಕು. ಫೋನಿನಲ್ಲಿ ಅವರು ಓದುತ್ತಾ ಹೋದಾಗ ನನ್ನ ಮೈ ಜುಂ ಅಂದಿತು. ಕಂಬಾಲಪಲ್ಲಿ ನೆನಪಾಯಿತು. 2000ದ ಮಾರ್ಚ್‌ನಲ್ಲಿ ಚಿಂತಾಮಣಿ ತಾಲ್ಲೂಕಿನ ಆ ಹಳ್ಳಿಯಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟಾಗ ಆ ನಿಯಮಕ್ಕೆ ಐದು ವರ್ಷ ಆಗಿತ್ತು. ಹಾಳೆಯ ಮೇಲಿನ ನಿಯಮ ಅವರ ಮನೆ ಬಾಗಿಲಿನ ತನಕ ಬರಲಿಲ್ಲ. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು.

ಆದರೂ ಆ ನಿಯಮ ಇಟ್ಟಿರುವ ಕ್ರಮ ನೋಡಿ. ಹೆದರಿಸುವವನ ಕೈಯಿಂದ ಮೊದಲು ಕಿತ್ತುಕೊಳ್ಳಿ, ಹೆದರಿದವರಿಗೆ ಆಮೇಲೆ ಕೊಡಿ. ಅಮೆರಿಕದಲ್ಲಿ ಮೊದಲನೆಯ ಹೆಜ್ಜೆಯೇ ಅರ್ಧಕ್ಕೆ ನಿಂತಿದೆ. ಇಲ್ಲಿ ಹೆಂಡತಿಗೆ ಹೊಡೆದು ಸಣ್ಣ ಕೇಸಿನಲ್ಲಿ ಶಿಕ್ಷೆಯಾದವನೂ 1996ರಿಂದ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಒಳ್ಳೆಯ ಕಾನೂನು. ಆದರೆ ಬಣ್ಣ ನೋಡಿ, ಧರ್ಮ ನೋಡಿ ಹೊಡೆದವನಿಗೆ ಅಂಥದೇ ಸಣ್ಣ ಕೇಸಿನಲ್ಲಿ ಶಿಕ್ಷೆಯಾದರೆ, ಫೆಡರಲ್ ಕಾನೂನಿನಲ್ಲಿ ಆ ತಡೆ ಇಲ್ಲ. ಆ ತಡೆ ತರಲು ಡಿಸಾರ್ಮ್ ಹೇಟ್ ಆಕ್ಟ್ ಅನ್ನುವ ಮಸೂದೆ ಮತ್ತೆ ಮತ್ತೆ ಇಲ್ಲಿನ ಸಂಸತ್ತಾದ ಕಾಂಗ್ರೆಸ್ಸಿಗೆ ಬಂದಿದೆ, ಪಾಸಾಗಿಲ್ಲ. ಬಂದೂಕಿನ ಹಕ್ಕಿನ ಪರ ಇರುವವರು ಇದಕ್ಕೆ ಬೆಂಬಲ ಕೊಡುವುದಿಲ್ಲ. ಬಂದೂಕಿನ ವಿರುದ್ಧ ಇರುವವರು ನನ್ನ ಪರ್ಮಿಟ್‌ಗೆ ಬೆಂಬಲ ಕೊಡುವುದಿಲ್ಲ. ನನಗೆ ಎರಡೂ ಬೇಕು.

ಮನೆಯಲ್ಲಿ ಮಕ್ಕಳಿದ್ದಾರಲ್ಲ ಅಂತ ಅಮ್ಮ ಅತ್ತರು. ಇದಕ್ಕೆ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ ಅಮ್ಮ. ಈ ದೇಶದಲ್ಲಿ ಬಂದೂಕಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಾವೇ ಗುಂಡು ಹೊಡೆದುಕೊಂಡವರು. ಮಗನಿಗೆ ಹದಿನಾಲ್ಕು. ಹಾಗಾಗಿ ಪಿಸ್ತೂಲು ಕೊಳ್ಳುವ ಮುಂಚೆಯೇ ಸೇಫ್ ಕೊಂಡು ಗೋಡೆಗೆ ಬೋಲ್ಟ್ ಹಾಕಿಸಿದ್ದೇನೆ. ಅದು ನನ್ನ ಬೆರಳಿಗೆ ಮಾತ್ರ ತೆರೆಯುತ್ತದೆ. ಮನೆಯಲ್ಲಿ ಯಾರ ಮನಸ್ಸಾದರೂ ಕೆಟ್ಟಿದೆ ಅನಿಸಿದ ದಿನ ಪಿಸ್ತೂಲು ಮನೆಯಿಂದ ಆಚೆ ಹೋಗುತ್ತದೆ. ಗಂಡನಿಗೂ ನನಗೂ ಆಗಿರುವ ಮಾತು ಇದು.

ಶೂಟಿಂಗ್ ರೇಂಜಿಗೆ ಮೊದಲ ದಿನ ಹೋದಾಗ ಕೈ ಎಷ್ಟು ನಡುಗಿತು ಅಂದರೆ ಮ್ಯಾಗಜೀನಿಗೆ ಗುಂಡು ತುಂಬಿಸಲು ಆಗಲಿಲ್ಲ. ಸ್ಪ್ರಿಂಗ್ ಬಿಗಿ, ಹೆಬ್ಬೆರಳಿನ ಉಗುರು ಸೀಳಿತು. ಕಲಿಸುವಾಕೆ ನನ್ನ ವಯಸ್ಸಿನವಳೇ. ಅವಳು ಹೇಳಿಕೊಟ್ಟ ಮೊದಲ ಪಾಠ, ತೆಗೆಯದೆ ಇರುವುದು ಹೇಗೆ ಅಂತ. ಜೋರಾಗಿ ಕೂಗು, ಹಿಂದೆ ಸರಿ, ಕಾರಿನೊಳಗೆ ಸೇರು, ಇಲ್ಲಿನ ತುರ್ತು ನಂಬರ್ 911ಕ್ಕೆ ಫೋನ್ ಮಾಡು. ಬೈಗುಳಕ್ಕೆ ಪಿಸ್ತೂಲು ಉತ್ತರ ಅಲ್ಲ, ಬೆರಳು ತೋರಿಸಿದ್ದಕ್ಕೂ ಅಲ್ಲ. ಈ ತರಬೇತಿ ಕಡ್ಡಾಯ ಇರುವುದು ಸರಿ. ಎಷ್ಟೋ ರಾಜ್ಯಗಳಲ್ಲಿ ಈಗ ಪರ್ಮಿಟ್ಟೇ ಬೇಡ, ತರಬೇತಿಯೂ ಬೇಡ. ಅದು ತಪ್ಪು ಅಂತ ನನ್ನ ಅಭಿಪ್ರಾಯ.

ನ್ಯೂಜೆರ್ಸಿಯಲ್ಲಿ ಇನ್ನೊಂದು ಷರತ್ತಿದೆ. ನಂಟರಲ್ಲದ ನಾಲ್ಕು ಜನ ನಮ್ಮ ಬಗ್ಗೆ ಹೇಳಬೇಕು, ಇವಳು ಇಂಥವಳು ಅಂತ. ಲ್ಯಾಬಿನ ಇಬ್ಬರು ಕೂಡಲೇ ಒಪ್ಪಿದರು. ಮಗನ ಸ್ನೇಹಿತನ ತಾಯಿ ಒಪ್ಪಿದರು. ನಮ್ಮ ಕನ್ನಡದವರನ್ನೇ ಕೇಳಿದೆ, ಮೂರು ಮನೆಯವರು ಮಾತು ತಿರುಗಿಸಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಕೊನೆಗೆ ಕುಂಕುಮ ಒರೆಸಿಕೊಳ್ಳುತ್ತಿದ್ದ ಆಂಟಿಯನ್ನು ಕೇಳಿದೆ. ಯೋಚಿಸಿ ಹೇಳುತ್ತೇನೆ ಅಂದವರು ಒಂಬತ್ತು ದಿನ ಏನೂ ಹೇಳಲಿಲ್ಲ.

ನಿನ್ನೆ ಸಂಜೆ ಬಂದಿದ್ದರು, ಕೈಯಲ್ಲಿ ಒಂದು ಡಬ್ಬಿ ಚಕ್ಕುಲಿ. "ನನಗೆ ಆ ವಸ್ತು ಕಂಡರೆ ಆಗಲ್ಲ. ಆದರೆ ನೀನು ಎಂಥವಳು ಅಂತ ಕೇಳಿದ್ದರು, ಅದಕ್ಕೆ ಉತ್ತರ ಬರೆದು ಕಳಿಸಿದೀನಿ" ಅಂದರು. ಹಣೆಯಲ್ಲಿ ಕಾಸಗಲ ಕುಂಕುಮ ಇತ್ತು.