ಕಾರಣವೇ ತಿಳಿಯದ ನೋವಿನ ಮುಂದೆ ದೇವರು ಒಳ್ಳೆಯವನು ಎಂದು ನಂಬಬಹುದೇ?

ಪರ: ಬೈಯಲಿಕ್ಕಾದರೂ ಅವನು ಬೇಕು

ನಮ್ಮಕ್ಕನ ಮಗುವಿಗೆ ಆಗ ಏಳು ತಿಂಗಳು. ಒಂದು ರಾತ್ರಿ ಹಾಲು ಕುಡಿದು ಮಲಗಿದ್ದು ಬೆಳಗ್ಗೆ ಏಳಲಿಲ್ಲ. ಜ್ವರ ಇರಲಿಲ್ಲ, ಕೆಮ್ಮೂ ಇರಲಿಲ್ಲ. "ಒಮ್ಮೊಮ್ಮೆ ಹೀಗಾಗುತ್ತಮ್ಮ, ಯಾಕೆ ಅಂತ ಹೇಳೋಕಾಗಲ್ಲ" ಎಂದರು ಡಾಕ್ಟರು.

ಡಾಕ್ಟರಿಗೆ ಗೊತ್ತಿಲ್ಲದ ಕಾರಣ ನೆಂಟರಿಗೆಲ್ಲ ಗೊತ್ತಿತ್ತು. ಒಬ್ಬರು ಪೂರ್ವಜನ್ಮದ ಕರ್ಮ ಎಂದರು. ಇನ್ನೊಬ್ಬರು ನಾಗದೋಷ ಎಂದರು. "ಇಷ್ಟವಾದವರನ್ನ ದೇವರು ಬೇಗ ಕರೆಸ್ಕೋತಾನೆ" ಎಂದರು ದೊಡ್ಡಮ್ಮ. ಅಕ್ಕ ಸುಮ್ನೆ ಎದ್ದು ಒಳಗೆ ಹೋದಳು.

ಮೂರು ತಿಂಗಳು ದೇವರ ಮನೆಯಲ್ಲಿ ದೀಪ ಉರಿಯಲಿಲ್ಲ. ಆಮೇಲೊಂದು ಸಂಜೆ ಒಳಗಿಂದ ದನಿ ಕೇಳಿತು. ಅಕ್ಕ ಕೃಷ್ಣನ ಪಟದ ಮುಂದೆ ಕೂತು ಬೈಯುತ್ತಿದ್ದಳು. "ನಿಂಗೆ ಇಬ್ಬಿಬ್ರು ತಾಯಂದಿರಿದ್ರಲ್ಲೋ. ನಂಗೊಂದು ಮಗು ಬಿಡೋಕಾಗ್ಲಿಲ್ವಾ?" ಬೈದು ಮುಗಿಸಿ ದೀಪ ಹಚ್ಚಿದಳು.

ನನ್ನ ವಾದ ಅಲ್ಲೇ ಇದೆ. ಹೀಗೆ ಹಕ್ಕಿನಿಂದ ಬೈಯೋದು ನಮ್ಮವರನ್ನು ಮಾತ್ರ. "ನೀನು ಹೀಗೆ ಮಾಡಬಹುದಾ?" ಎಂದು ಕೇಳಬೇಕಾದರೆ, ಅವನು ಹೀಗೆ ಮಾಡುವವನಲ್ಲ ಎಂದು ಮೊದಲೇ ನಂಬಿರಬೇಕು. ನಮ್ಮ ಹರಿದಾಸರು ನಿಂದಾಸ್ತುತಿ ಎಂದು ಹಾಡುಗಳ ಒಂದು ಬಗೆಯನ್ನೇ ಮಾಡಿಟ್ಟಿದ್ದಾರೆ. ದೇವರನ್ನು ಬೈಯುತ್ತಲೇ ಹಾಡೋದು!

ದೇವರ ಹೆಸರು ಕೆಡಿಸುವುದು ಅವನ ಪರವಾಗಿ ಕಾರಣ ಕೊಡುವವರು. 1934ರ ಜನವರಿಯಲ್ಲಿ ಬಿಹಾರದಲ್ಲಿ ಭೂಕಂಪವಾಗಿ ಸಾವಿರಾರು ಜನ ಸತ್ತರು. ಅದು ಅಸ್ಪೃಶ್ಯತೆಯ ಪಾಪಕ್ಕೆ ಬಂದ ಶಿಕ್ಷೆ ಎಂದರು ಗಾಂಧೀಜಿ. ಅಸ್ಪೃಶ್ಯತೆಯನ್ನು ಅವರಷ್ಟೇ ವಿರೋಧಿಸುತ್ತಿದ್ದ ಟ್ಯಾಗೋರರು ಈ ಮಾತನ್ನು ಒಪ್ಪಲಿಲ್ಲ. ನಾನು ಟ್ಯಾಗೋರರ ಕಡೆ. ಬಿಹಾರದ ಯಾವ ಕೂಸು ಯಾರನ್ನು ಮುಟ್ಟಿಸಿಕೊಳ್ಳದೆ ದೂರ ಇಟ್ಟಿತ್ತು?

ಎದುರಿನವರು ಪ್ರವಾಹದಲ್ಲಿ ಗುಡಿ ಉಳಿಸಿತು ಎನ್ನುವ ಕೇದಾರನಾಥದ ಬಂಡೆ ಎತ್ತಿಕೊಂಡು ಬರುತ್ತಾರೆ, ಗೊತ್ತು. ಅವರಿಗೆ ದೇವರ ಲೆಕ್ಕಪತ್ರ ಆಡಿಟ್ ಮಾಡುವ ಹುಚ್ಚು. ಮಾಡಿಕೊಳ್ಳಲಿ. ರಾತ್ರಿ ಎರಡು ಗಂಟೆಗೆ ಎಚ್ಚರಾಗಿ ತೊಟ್ಟಿಲ ಕಡೆ ನೋಡುವವಳಿಗೆ ಆ ಲೆಕ್ಕದಿಂದ ಏನಾಗಬೇಕು?

ಅಕ್ಕ ಇವತ್ತಿಗೂ ಬೈಯುತ್ತಾಳೆ. ಗೋಕುಲಾಷ್ಟಮಿಗೆ ಬಾಗಿಲಿಂದ ದೇವರ ಮನೆವರೆಗೆ ಪುಟ್ಟ ಪುಟ್ಟ ಹೆಜ್ಜೆ ಬರೆಯುತ್ತಾಳೆ. ಈ ಸಲ ಅಕ್ಕಿಹಿಟ್ಟು ನಾನು ಕಲಸಿಕೊಟ್ಟೆ.

ವಿರೋಧ: ಬಂಡೆ ಉಳಿಸಿದ್ದು ಯಾರನ್ನು?

ಮೊದಲೇ ಹೇಳಿಬಿಡುತ್ತೇನೆ. ದಿನಾ ಸ್ನಾನ ಮಾಡಿ ವಿಭೂತಿ ಇಟ್ಟುಕೊಳ್ಳುವವನು ನಾನು. ವಿರೋಧಕ್ಕೆ ಯಾರೂ ಸಿಗಲಿಲ್ಲ ಎಂದು ಸಂಪಾದಕರು ಇದನ್ನು ನನ್ನ ತಲೆಗೆ ಕಟ್ಟಿದರು.

ಬಂಡೆಯ ಮಾತಿಗೇ ಬರೋಣ. 2013ರ ಜೂನ್ 17ರ ಬೆಳಗ್ಗೆ ಕೇದಾರನಾಥದ ಮೇಲಿದ್ದ ಚೋರಾಬಾರಿ ಕೆರೆ ಒಡೆಯಿತು. ನೀರು, ಮಣ್ಣು, ಕಲ್ಲು ಒಟ್ಟಿಗೆ ಊರ ಮೇಲೆ ಬಂದವು. ದೊಡ್ಡ ಬಂಡೆಯೊಂದು ಗುಡಿಯ ಹಿಂದೆ ನಿಂತು ಪ್ರವಾಹ ಎರಡು ಕಡೆಗೆ ಸೀಳಿತು, ಗುಡಿ ಉಳಿಯಿತು. ಜನ ಅದಕ್ಕೆ ಭೀಮಶಿಲೆ ಎಂದು ಹೆಸರಿಟ್ಟು ಕೈ ಮುಗಿಯುತ್ತಾರೆ. ಆ ಸಲ ಉತ್ತರಾಖಂಡದಲ್ಲಿ ಸತ್ತವರು, ಕಾಣೆಯಾದವರು 5,000ಕ್ಕೂ ಜಾಸ್ತಿ. ಗುಡಿ ಉಳಿದದ್ದು ದೇವರ ಕೃಪೆಯಾದರೆ ಇವರದ್ದು ಯಾರ ಕೃಪೆ? ಒಳ್ಳೆಯದಾದರೆ ಅವನು, ಕೆಟ್ಟದ್ದಾದರೆ ಮಳೆ. ಇದು ನ್ಯಾಯ ಅಲ್ಲ, ಅಲ್ವಾ?

ಎರಡನೆಯದು ಪ್ಲೇಗ್. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಜನ ಅಮ್ಮನ ಮೊರೆ ಹೋದರು. ಅದೇ ವರ್ಷ ಕರಾಚಿಯಲ್ಲಿ ಪಾಲ್ ಲೂಯಿ ಸಿಮಾಂಡ್ ಎಂಬ ಫ್ರೆಂಚ್ ವೈದ್ಯ ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುತ್ತದೆ ಎಂದು ತೋರಿಸಿದ. ಎಲ್ಲ ಅಮ್ಮನ ಇಚ್ಛೆ ಎಂದು ಕೈಕಟ್ಟಿ ಕೂರುವ ನಂಬಿಕಸ್ಥರಿಗೆ ಚಿಗಟ ಕಾಣುತ್ತಿತ್ತೇ? (ಸಿಮಾಂಡ್ ದೇವರನ್ನು ನಂಬುತ್ತಿದ್ದನೋ ಏನೋ. ಆ ಕಡೆಗೆ ನಾನು ಹೋಗುವುದಿಲ್ಲ.)

ಮೂರನೆಯ ಕಾರಣ ಒಂದಿರಬೇಕಿತ್ತು. ಎದುರಿನ ಲೇಖನದ ಅಕ್ಕನ ಕಥೆ ಓದಿದ ಮೇಲೆ ಬರೆಯಲು ಕೈ ಬರಲಿಲ್ಲ.

ಅಂದಹಾಗೆ, ಬರುವ ಮೇ ತಿಂಗಳಲ್ಲಿ ನಾವೂ ಮನೆಯವರೆಲ್ಲ ಕೇದಾರಕ್ಕೆ ಹೊರಟಿದ್ದೇವೆ. ಜೂನ್ ಬೇಡ ಎಂದವನು ನಾನೇ.