ಸ್ಪಷ್ಟನೆ: ಬ್ರಾಹ್ಮಿ ರಸ ಕುಡಿದರೆ ಕರಿದ ತಿಂಡಿಯ ಲೆಕ್ಕ ಚುಕ್ತಾ ಆಗುವುದಿಲ್ಲ

ದಿನಾ ಬೆಳಗ್ಗೆ ಒಂದು ಚಮಚ ಬ್ರಾಹ್ಮಿ ರಸ ಕುಡಿದರೆ ಬೇಕರಿ ತಿಂಡಿ, ಬೋಂಡ ಎಷ್ಟು ತಿಂದರೂ ನೆನಪಿನ ಶಕ್ತಿಗೆ ಧಕ್ಕೆಯಿಲ್ಲ ಎಂಬ ವಾಟ್ಸಾಪ್ ಸಂದೇಶ ಹರಿದಾಡುತ್ತಿದೆ. ಇದು ಸರಿಯಲ್ಲ.

ಮೊದಲಿಗೆ ಗಿಡದ್ದೇ ಗೊಂದಲ. ಸಂದೇಶದ ಚಿತ್ರದಲ್ಲಿರುವುದು ಒಂದೆಲಗ: ನೆಲಕ್ಕೆ ಹಬ್ಬುವ ಬಳ್ಳಿ, ಉದ್ದ ತೊಟ್ಟಿನ ತುದಿಗೆ ಮೂತ್ರಪಿಂಡದಾಕಾರದ ಒಂದೇ ಎಲೆ. ನಮ್ಮಲ್ಲಿ ಇದನ್ನೂ ಬ್ರಾಹ್ಮಿ ಎನ್ನುವುದುಂಟು. ಆದರೆ ನೆನಪಿನ ಶಕ್ತಿಯ ಬಗ್ಗೆ ಹೆಚ್ಚು ಪರೀಕ್ಷೆಗೊಳಗಾಗಿರುವುದು ನೀರುಬ್ರಾಹ್ಮಿ. ಅದರ ಎಲೆ ಚಿಕ್ಕದು, ದಪ್ಪ, ಜೋಡಿಜೋಡಿ, ಬೆಳೆಯುವುದು ಜೌಗಿನಲ್ಲಿ.

ಆ ಪರೀಕ್ಷೆಗಳಲ್ಲೂ ಕೊಟ್ಟದ್ದು ರಸವಲ್ಲ, ಅಳತೆ ಮಾಡಿದ ಸಾರ. ಹಲವು ಪ್ರಯೋಗಗಳಲ್ಲಿ ದಿನಕ್ಕೆ 300 ಮಿಲಿಗ್ರಾಂ, 12 ವಾರ. ಕಲಿತದ್ದನ್ನು ಮತ್ತೆ ನೆನಪಿಸಿಕೊಳ್ಳುವುದರಲ್ಲಿ ಕೆಲವರಿಗೆ ಅಲ್ಪ ಸುಧಾರಣೆ ಕಂಡಿತು, ಕೆಲವರಿಗೆ ಹೊಟ್ಟೆ ಕೆಟ್ಟಿತು. ಕೊಬ್ಬಿನ ಆಹಾರದಿಂದಾಗುವ ಹಾನಿಯನ್ನು ಗಿಡದ ಸಾರ ತಡೆಯುತ್ತದೆಯೇ ಎಂಬ ಪ್ರಯೋಗಗಳು ಬಹುಪಾಲು ನಡೆದಿರುವುದು ಇಲಿಗಳ ಮೇಲೆ. ಇಲಿಗೆ ಬೋನಿನಲ್ಲಿ ತೂಕ ಹಾಕಿ ಕೊಡುವ ಆಹಾರಕ್ಕೂ ನಮ್ಮ ಸಂಜೆಯ ಬಜ್ಜಿಗೂ ಹೋಲಿಕೆ ಎಲ್ಲಿಯದು!

ಒಂದೆಲಗದ ತಂಬುಳಿ ಬಿಡಬೇಕಿಲ್ಲ. ತುಪ್ಪದಲ್ಲಿ ಬಾಡಿಸಿದ ಎಲೆ, ಜೀರಿಗೆ, ಕಾಯಿತುರಿ ರುಬ್ಬಿ ಮಜ್ಜಿಗೆ ಬೆರೆಸಿದರೆ ಬಿಸಿ ಅನ್ನಕ್ಕೆ ಸೊಗಸು. ಮಾತ್ರೆ ರೂಪದ ಸಾರ ಬೇರೆ ಮಾತು: ಒಂದೆಲಗದ ಮಾತ್ರೆಯಿಂದ ಯಕೃತ್ತಿಗೆ ತೊಂದರೆಯಾದ ಅಪರೂಪದ ಪ್ರಕರಣಗಳು ವರದಿಯಾಗಿವೆ. ಬೇರೆ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಶುರುಮಾಡಲಿ.