ನಾವು ತಂದ ಪೇಷಂಟ್ ಆಮೇಲೆ ಏನಾದರು ಅಂತ ನಮಗೂ ಹೇಳಿ

ಆಂಬುಲೆನ್ಸ್ ಕೆಲಸ ಬಿಟ್ಟು ಹೋದವರನ್ನು ಕೇಳಿ ನೋಡಿ, ರಕ್ತ ನೋಡಿ ಹೆದರಿ ಬಿಟ್ಟೆ ಅಂತ ಹೇಳುವವರು ತೀರಾ ಕಡಿಮೆ. ತುಮಕೂರಿನಿಂದ ಶಿರಾವರೆಗಿನ ಹೈವೇಯಲ್ಲಿ ರಾತ್ರಿ ಡ್ಯೂಟಿ ಮಾಡಿದವರಿಗೆ ರಕ್ತ ಹೊಸದಲ್ಲ. ಮೊದಮೊದಲು ನಿದ್ದೆ ಕೆಡುತ್ತದೆ, ಊಟ ಸೇರುವುದಿಲ್ಲ, ಆಮೇಲೆ ಕೈ ತಾನಾಗಿ ಕೆಲಸ ಮಾಡುತ್ತದೆ. ಬಿಟ್ಟವರು ಹೇಳುವುದು ಒಂದೇ ಮಾತು. ಎಷ್ಟು ವರ್ಷ ಆದರೂ ಅದೇ ಸೀಟು, ಅದೇ ಕಿಟ್ಟು, ಮುಂದೇನು ಗುರು?

ಹಿಂದೆ ಕೂತು ಪೇಷಂಟ್ ನೋಡಿಕೊಳ್ಳುವ ಕೆಲಸ ನನ್ನದು. ನಾನು ಯಾವ ಆಂಬುಲೆನ್ಸ್‌ನಲ್ಲಿದ್ದೇನೆ ಅಂತ ಬರೆಯುವುದಿಲ್ಲ. ನನಗಿನ್ನೂ ಸಂಬಳ ಬೇಕು.

ಪೊಲೀಸ್ ಕಾನ್‌ಸ್ಟೇಬಲ್ ಆಗಿ ಸೇರಿದವರು ಹೆಡ್ ಕಾನ್‌ಸ್ಟೇಬಲ್ ಆಗುತ್ತಾರೆ. ಸ್ಟಾಫ್ ನರ್ಸ್ ಒಂದಿನ ಸೀನಿಯರ್ ಆಗುತ್ತಾರೆ. ನಮ್ಮಲ್ಲಿ ಮೆಟ್ಟಿಲೇ ಇಲ್ಲ. ಹೋದ ವರ್ಷ ಸೇರಿದ ಹುಡುಗನಿಗೆ ಕೆಲಸ ಕಲಿಸುವುದು ನಾನು, ಸಂಬಳದಲ್ಲಿ ಅವನಿಗೂ ನನಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಪಾಪ, ಅದು ಅವನ ತಪ್ಪಲ್ಲ. ಯೋಚನೆ ಮಾಡಿದರೆ ನಮ್ಮ ಕಸುಬಿಗೇ ವಯಸ್ಸು ಕಡಿಮೆ. ಕರ್ನಾಟಕದಲ್ಲಿ 108 ಆರೋಗ್ಯ ಕವಚ ಶುರುವಾಗಿದ್ದು 2008ರ ನವೆಂಬರ್‌ನಲ್ಲಿ. ಅದಕ್ಕೂ ಮುಂಚೆ ನಮ್ಮ ತಾಲ್ಲೂಕುಗಳಲ್ಲಿ ಆಂಬುಲೆನ್ಸ್ ಅಂದರೆ ಹೆಚ್ಚಾಗಿ ಒಂದು ವ್ಯಾನು, ಒಬ್ಬ ಡ್ರೈವರ್, ಹಿಂದೆ ಅಳುತ್ತಾ ಕೂತ ಮನೆಯವರು. ಹಾಗಾಗಿ ಇದೇ ಕೆಲಸ ಮಾಡಿ ರಿಟೈರ್ ಆದ ಒಬ್ಬ ಹಿರಿಯರನ್ನೂ ನಾನು ಕಂಡಿಲ್ಲ. ಐವತ್ತೈದು ವಯಸ್ಸಿನಲ್ಲಿ ಸ್ಟ್ರೆಚರ್ ಎತ್ತುತ್ತಿರುತ್ತೀನಾ, ಸೊಂಟ ಹೋಗಿ ಮನೆಯಲ್ಲಿ ಕೂತಿರುತ್ತೀನಾ ಅಂತ ಕೇಳೋಣವೆಂದರೆ ಕೇಳುವುದಕ್ಕೆ ಯಾರೂ ಇಲ್ಲ.

2021ರಲ್ಲಿ ಕೇಂದ್ರ ಸರ್ಕಾರ, ಡಾಕ್ಟರು, ನರ್ಸು ಬಿಟ್ಟು ಚಿಕಿತ್ಸೆಗೆ ನೆರವಾಗುವ ಉಳಿದವರ, ಅಂದರೆ ಅಲೈಡ್ ಹೆಲ್ತ್‌ಕೇರ್ ವೃತ್ತಿಗಳಿಗೆ ಒಂದು ಕಾಯ್ದೆ ತಂದಿತು. ಅದರ ಪಟ್ಟಿಯಲ್ಲಿ ಎಮರ್ಜೆನ್ಸಿ ಮೆಡಿಕಲ್ ಟೆಕ್ನಾಲಜಿಸ್ಟ್, ಪ್ಯಾರಾಮೆಡಿಕ್ ಅಂತ ನಮ್ಮ ಹೆಸರೂ ಇದೆ. ಓದಿಗೆ ಇಷ್ಟು ಗಂಟೆ ಅಂತ ಲೆಕ್ಕ ಇದೆ, ರಾಜ್ಯದಲ್ಲಿ ರಿಜಿಸ್ಟರ್ ಇಡಬೇಕು ಅಂತ ಇದೆ. ಅದನ್ನು ಓದಿದ ದಿನ ನಿಜಕ್ಕೂ ಖುಷಿಯಾಗಿತ್ತು. ಆದರೆ ಕಾಯ್ದೆಯಲ್ಲಿ ಹೆಸರು ಬಂದಿದ್ದು ನನ್ನ ಸಂಬಳದ ಚೀಟಿಗೆ ಇನ್ನೂ ಗೊತ್ತಾಗಿಲ್ಲ.

ಇದನ್ನೆಲ್ಲ ಮೇಲಿನವರಿಗೆ ಹೇಳಿದರೆ ಏನು ಮಾಡುತ್ತಾರೆ ಗೊತ್ತಾ? ಮೋಟಿವೇಷನ್ ಕ್ಲಾಸ್ ಇಡುತ್ತಾರೆ. ನೈಟ್ ಡ್ಯೂಟಿ ಮುಗಿಸಿ ಬಂದವರನ್ನು ಕೂರಿಸಿಕೊಂಡು, ನಿಮ್ಮೊಳಗಿನ ಶಕ್ತಿ ನಿಮಗೇ ಗೊತ್ತಿಲ್ಲ ಅಂತ ಒಬ್ಬರು ಪ್ರೊಜೆಕ್ಟರ್ ಹಾಕಿ ಹೇಳುತ್ತಾರೆ. ಗೊತ್ತಿದೆ ಸ್ವಾಮಿ, ನಿನ್ನೆ ಎರಡನೇ ಮಹಡಿಯಿಂದ ನೂರು ಕೆಜಿ ಮನುಷ್ಯನನ್ನು ಇಳಿಸಿದ್ದು ಆ ಶಕ್ತಿಯೇ! ಇಲ್ಲವೆಂದರೆ ವರ್ಷಕ್ಕೊಂದು ಸಲ ಶಾಲು, ಹಾರ, ಒಂದು ಫೋಟೊ. ಬೇಡ ಅನ್ನುವುದಿಲ್ಲ, ಫೋಟೊ ಅಮ್ಮನಿಗೆ ಇಷ್ಟ.

ಹಾಗಾದರೆ ನಾನು ಯಾಕೆ ಇನ್ನೂ ಇದ್ದೇನೆ? ಅದನ್ನು ಹೇಳಬೇಕೆಂದರೆ ಪಾವಗಡದ ಕಡೆ ಬರಬೇಕು.

ಸುತ್ತ ಹೆಚ್ಚುಕಡಿಮೆ ಆಂಧ್ರ, ಅರ್ಧ ಮಾತು ತೆಲುಗು, ಜಿಲ್ಲಾ ಆಸ್ಪತ್ರೆ ಎಲ್ಲೋ ನೂರು ಕಿಲೋಮೀಟರ್ ದೂರದ ತುಮಕೂರಲ್ಲಿ. ಕಡ್ಲೆಕಾಯಿ ಕಿತ್ತ ಮೇಲೆ ರಾಶಿ ಕಾಯುವುದಕ್ಕೆ ಹೊಲದಲ್ಲೇ ನೆಲದ ಮೇಲೆ ಮಲಗುತ್ತಾರೆ. ಆಗ ಕಚ್ಚುವುದು ಕಟ್ಟು ಹಾವು. ಅದು ಕಚ್ಚಿದರೆ ಊತ ಬರುವುದೇ ಕಡಿಮೆ, ನೋವೂ ಅಷ್ಟಿರುವುದಿಲ್ಲ, ಏನೋ ಹುಳ ಕಡಿಯಿತು ಅಂತ ಮತ್ತೆ ಮಲಗುತ್ತಾರೆ. ಮಂಡಲದ ಹಾವಾದರೆ ಕಾಲು ಊದಿಕೊಂಡು ಊರೆಲ್ಲ ಎದ್ದಿರುತ್ತದೆ. ಕಟ್ಟು ಹಾವಿನ ಕೇಸ್‌ನಲ್ಲಿ ನಾವು ಮೊದಲು ನೋಡುವುದು ಕಣ್ಣಿನ ರೆಪ್ಪೆ. ಅದು ಜೋತುಬಿದ್ದಿತೆಂದರೆ ಮುಂದಿನ ಸರದಿ ಮಾತಿನದು, ಆಮೇಲೆ ಉಸಿರಿನದು. ಕಾಲಿಗೆ ಬಿಗಿಯಾಗಿ ಹಗ್ಗ ಕಟ್ಟಿಯೇ ತಂದಿರುತ್ತಾರೆ, ಅದನ್ನು ದಾರಿಯಲ್ಲಿ ಏಕಾಏಕಿ ಬಿಚ್ಚುವುದೂ ಅಪಾಯ. ಕಾಲು ಅಲ್ಲಾಡದ ಹಾಗೆ ಸ್ಪ್ಲಿಂಟ್ ಹಾಕಿ, ಉಸಿರು ಸೋತರೆ ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ಹಿಡಿದು ಐದಾರು ಸೆಕೆಂಡಿಗೊಂದು ಸಲ ಒತ್ತುತ್ತಾ ಕೂರಬೇಕು. ರಸ್ತೆ ತಿರುವು, ಹಂಪ್, ಕೈ ಸೋಲುತ್ತದೆ, ಎಣಿಕೆ ತಪ್ಪಬಾರದು. ಮುಂದೆ ಪೈಲಟ್ ಅಣ್ಣ (ನಮ್ಮಲ್ಲಿ ಡ್ರೈವರನ್ನು ಕರೆಯುವುದು ಹಾಗೆ) ಫೋನಲ್ಲಿ ಯಾವ ಆಸ್ಪತ್ರೆಯಲ್ಲಿ ಆ್ಯಂಟಿವೆನಮ್ ಇದೆ, ಎಲ್ಲಿ ವೆಂಟಿಲೇಟರ್ ಖಾಲಿ ಇದೆ ಅಂತ ವಿಚಾರಿಸುತ್ತಿರುತ್ತಾನೆ.

ಕ್ಯಾಶುವಾಲ್ಟಿ ಮುಟ್ಟಿದೆವು ಅನ್ನಿ. ಸಹಿ ಹಾಕಿಸಿಕೊಂಡೆವು. ಬೆಡ್ ಇಲ್ಲವೆಂದರೆ ನಮ್ಮ ಸ್ಟ್ರೆಚರ್ ಅಲ್ಲೇ ಸಿಕ್ಕಿಹಾಕಿಕೊಂಡಿತು, ಅದು ಬೇರೆ ಕತೆ, ಅದಕ್ಕೇ ಒಂದು ಪೋಸ್ಟ್ ಬೇಕು. ಅಷ್ಟರಲ್ಲಿ ಇನ್ನೊಂದು ಕಾಲ್. ಒಳಗೆ ಬಿಟ್ಟುಬಂದವರು ಬದುಕಿದರಾ? ಗೊತ್ತಿಲ್ಲ. ನಮಗೆ ಯಾರೂ ಹೇಳುವುದಿಲ್ಲ. ಪ್ರತಿ ಪಿಕ್ಚರ್‌ನಲ್ಲೂ ಇಂಟರ್ವಲ್‌ಗೆ ಹೊರಗೆ ಕಳಿಸಿದ ಹಾಗೆ ನಮ್ಮ ಕೆಲಸ.

ನನಗೆ ಅದೃಷ್ಟಕ್ಕೆ ಒಂದು ಆಸ್ಪತ್ರೆಯಲ್ಲಿ ಒಬ್ಬರು ಸಿಸ್ಟರ್ ಇದ್ದಾರೆ. ಕೇಳಿದರೆ ಹೇಳುತ್ತಾರೆ. ಅಂಥದ್ದೇ ಒಂದು ಹಾವಿನ ಕೇಸ್ ವೆಂಟಿಲೇಟರ್‌ನಿಂದ ಹೊರಬಂತು, ಗಂಜಿ ಕುಡಿಯುತ್ತಿದೆ ಅಂತ ಅವರು ಹೇಳಿದ ಬೆಳಿಗ್ಗೆ ನಾನೂ ಪೈಲಟ್ ಅಣ್ಣನೂ ಕ್ಯಾತ್ಸಂದ್ರದಲ್ಲಿ ಗಾಡಿ ನಿಲ್ಲಿಸಿ ತಟ್ಟೆ ಇಡ್ಲಿ ತಿಂದ ಖುಷಿ ಯಾವ ಶಾಲಿನಲ್ಲೂ ಸಿಕ್ಕಿಲ್ಲ. ಒಳ್ಳೆಯ ಸುದ್ದಿಯೇ ಬರಬೇಕು ಅಂತಿಲ್ಲ. ಒಂದು ಸಲ ತಲೆಗೆ ಪೆಟ್ಟಾದವರ ಕೇಸ್‌ನಲ್ಲಿ ಒಂದು ಕಣ್ಣಿನ ಪಾಪೆ ದೊಡ್ಡದಾಗಿದೆ ಅಂತ ಬರೆದುಕೊಟ್ಟಿದ್ದೆ. ಸಿಟಿ ಸ್ಕ್ಯಾನ್‌ನಲ್ಲಿ ರಕ್ತ ಹೆಪ್ಪುಗಟ್ಟಿದ್ದು ಅದೇ ಕಡೆ ಸಿಕ್ಕಿತು, ಆದರೆ ಅವರು ಉಳಿಯಲಿಲ್ಲ. ಬೇಜಾರಾಯಿತು. ಜೊತೆಗೆ, ನಾನು ನೋಡಿದ್ದು ಸರಿ ಇತ್ತು ಅಂತಲೂ ಗೊತ್ತಾಯಿತು. ನಮ್ಮಂಥವರು ಕೆಲಸ ಕಲಿಯುವುದು ಹೀಗೇ ಅಲ್ವಾ?

ಪೇಷಂಟ್ ವಿವರ ಹೊರಗೆ ಕೊಡುವಂತಿಲ್ಲ ಅನ್ನುತ್ತಾರೆ. ಸರಿ, ಆ ನಿಯಮ ಇರಲೇಬೇಕು. ನಮಗೆ ಹೆಸರು ಬೇಡ, ಊರು ಬೇಡ. ನಾವು ಕೊಟ್ಟ ಕೇಸ್ ಶೀಟ್‌ನ ನಂಬರ್‌ಗೆ ಎರಡು ಸಾಲು ಉತ್ತರ ಬಂದರೆ ಸಾಕು. ಡಯಾಗ್ನೋಸಿಸ್ ಏನು, ಉಳಿದರಾ ಇಲ್ಲವಾ, ದಾರಿಯಲ್ಲಿ ಬೇರೆ ಏನಾದರೂ ಮಾಡಬಹುದಿತ್ತಾ. ಇದಕ್ಕೆ ಬಜೆಟ್ ಬೇಕಿಲ್ಲ, ಟೆಂಡರ್ ಬೇಕಿಲ್ಲ.

ಬಿಟ್ಟು ಹೋಗುತ್ತೇನೆ ಅನ್ನುವ ಗೆಳೆಯರಿಗೆ ಇರಪ್ಪಾ ಅಂತ ಹೇಳುವ ಧೈರ್ಯ ನನಗಿಲ್ಲ, ಅವರ ಮನೆ ಬಾಡಿಗೆ ನಾನು ಕಟ್ಟುವುದಿಲ್ಲವಲ್ಲ. ಸಂಬಳ, ಬಡ್ತಿಯ ವಿಚಾರಕ್ಕೆ ಹೋರಾಟ ನಡೆಯಲಿ, ನಾನೂ ಬರುತ್ತೇನೆ. ಅಲ್ಲಿಯವರೆಗೆ ಕ್ಯಾಶುವಾಲ್ಟಿಯಲ್ಲಿ ಕೆಲಸ ಮಾಡುವ ಡಾಕ್ಟರುಗಳು, ಸಿಸ್ಟರುಗಳು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ವಿನಂತಿ. ಮರುದಿನ ನಮ್ಮಲ್ಲೊಬ್ಬರು ಬಾಗಿಲಲ್ಲಿ ನಿಂತು "ನಿನ್ನೆ ರಾತ್ರಿ ತಂದಿದ್ದೆವಲ್ಲ ಮೇಡಂ, ಅವರು…" ಅಂತ ಕೇಳಿದರೆ, ಎಷ್ಟೇ ರಶ್ ಇದ್ದರೂ ಒಂದು ಮಾತು ಹೇಳಿಬಿಡಿ.